ಎಲ್ಡನ್ ರಿಂಗ್ ಸ್ಟ್ರೆಂತ್ ಬಿಲ್ಡ್: ಲೆವೆಲ್ 9ರಿಂದ 125ರವರೆಗೆ ಒಂದೊಂದು ಪಾಯಿಂಟ್ ಎಲ್ಲಿಗೆ ಹಾಕಬೇಕು

ಎಲ್ಡನ್ ರಿಂಗ್ ಎಂಬ ವಿಡಿಯೊ ಗೇಮ್‌ನಲ್ಲಿ ಬಿಲ್ಡ್ (ಪಾತ್ರದ ಸ್ಟ್ಯಾಟ್‌ಗಳಿಗೆ ಪಾಯಿಂಟ್ ಹಂಚುವ ಯೋಜನೆ) ಹಾಳಾಗುವುದು ಆಟದ ಕೊನೆಯಲ್ಲಲ್ಲ, ಮೊದಲ ಮೂವತ್ತು ನಲವತ್ತು ಲೆವೆಲ್‌ಗಳಲ್ಲೇ. ಒಂದು ಪಾಯಿಂಟ್ ಮೈಂಡ್‌ಗೆ, ಎರಡು ಡೆಕ್ಸ್ಟೆರಿಟಿಗೆ, ಯಾವುದೋ ಮಂತ್ರ ಚೆನ್ನಾಗಿ ಕಂಡಿತೆಂದು ನಾಲ್ಕು ಫೇಯ್ತ್‌ಗೆ. ಹೀಗೆ ಹಂಚಿದ ರೂನ್‌ಗಳೆಲ್ಲ (ಲೆವೆಲ್ ಏರಿಸಲು ಕೊಡುವ ಆಟದ ಹಣ) ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಎಂಟು ಸ್ಟ್ಯಾಟ್‌ಗಳಲ್ಲಿ (ಜೀವಕ್ಕೆ ವಿಗರ್, ದಮ್ಮು ಮತ್ತು ಹೊರುವ ತೂಕಕ್ಕೆ ಎಂಡ್ಯೂರೆನ್ಸ್, ಭಾರದ ಆಯುಧಕ್ಕೆ ಸ್ಟ್ರೆಂತ್, ಹೀಗೆ) ಯಾವುದೂ ಪ್ರತಿ ಪಾಯಿಂಟ್‌ಗೆ ಒಂದೇ ಲಾಭ ಕೊಡುವುದಿಲ್ಲ. ಕೆಲವು ಕಡೆ ಒಂದು ಪಾಯಿಂಟ್‌ಗೆ 43 ಎಚ್‌ಪಿ (ಜೀವದ ಅಳತೆ) ಸಿಗುತ್ತದೆ, ಕೆಲವು ಕಡೆ ಐದು. ಯಾವ ಪಾಯಿಂಟ್ ಯಾವಾಗ ಅಗ್ಗ ಎಂದು ನೋಡಿ ಕೊಳ್ಳುವುದೇ ಇಲ್ಲಿನ ಕೆಲಸ.

ಈ ಲಾಗ್ ಗ್ರೇಟ್‌ಸ್ವರ್ಡ್ ಎಂಬ ಕೊಲಾಸಲ್ ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿಯುವ ಶುದ್ಧ ಸ್ಟ್ರೆಂತ್ ಬಿಲ್ಡ್‌ನದು. ಆ ಕತ್ತಿಗೆ ಬೇಕಾದದ್ದು ಸ್ಟ್ರೆಂತ್ 31, ಡೆಕ್ಸ್ಟೆರಿಟಿ 12; ಅದರ ತೂಕ 23. ಎರಡು ಕೈಯಲ್ಲಿ ಹಿಡಿದರೆ ನಿಮ್ಮ ಸ್ಟ್ರೆಂತ್ ಒಂದೂವರೆ ಪಟ್ಟು ಎಂದು ಲೆಕ್ಕವಾಗುವುದರಿಂದ 21 ಇದ್ದರೂ ಸಾಕು. ಇಡೀ ಬಿಲ್ಡ್ ನಿಂತಿರುವುದು ಈ ಒಂದೂವರೆ ಪಟ್ಟಿನ ಮೇಲೆ.

ಕ್ಲಾಸ್

ಸ್ಟ್ರೆಂತ್ ಎಂದ ಕೂಡಲೇ ಎಲ್ಲರೂ ಹೀರೋ ಕ್ಲಾಸ್ (ಆಟ ಶುರು ಮಾಡುವ ಪಾತ್ರದ ಬಗೆ) ಕಡೆ ಕೈ ತೋರಿಸುತ್ತಾರೆ, ಅದರಲ್ಲಿ ಸ್ಟ್ರೆಂತ್ 16ರಿಂದ ಶುರುವಾಗುತ್ತದೆ ಎಂದು. ಆದರೆ ಕೊನೆಯ ಸ್ಥಿತಿಯನ್ನು ಕೂಡಿಸಿ ನೋಡಿ. ವಿಗರ್ 60, ಮೈಂಡ್ 10, ಎಂಡ್ಯೂರೆನ್ಸ್ 30, ಸ್ಟ್ರೆಂತ್ 66, ಜೊತೆಗೆ ಕತ್ತಿ ಎತ್ತಲು ಬೇಕಾದಷ್ಟು ಡೆಕ್ಸ್ಟೆರಿಟಿ: ವಾಗಾಬಾಂಡ್‌ನಲ್ಲಿ ಇದು ಲೆವೆಲ್ 125ಕ್ಕೆ ಮುಗಿಯುತ್ತದೆ, ಹೀರೋನಲ್ಲೂ 125ಕ್ಕೇ ಮುಗಿಯುತ್ತದೆ. ಹೀರೋಗೆ ಆರ್ಕೇನ್‌ನಲ್ಲಿ 11 ಪಾಯಿಂಟ್ ಸುಮ್ಮನೆ ಕೂತಿರುತ್ತದೆ, ಡೆಕ್ಸ್ಟೆರಿಟಿ 9 ಇರುವುದನ್ನು 12ಕ್ಕೆ ಏರಿಸಬೇಕು. ವಾಗಾಬಾಂಡ್‌ಗೆ ಡೆಕ್ಸ್ಟೆರಿಟಿ ಮೊದಲೇ 13, ಅಂದರೆ ಕ್ಲೇಮೋರ್‌ಗೆ ಬೇಕಾದಷ್ಟೇ. ಆರಂಭದ ಕವಚ, ಗುರಾಣಿ ಎರಡೂ ವಾಗಾಬಾಂಡ್‌ನದೇ ಗಟ್ಟಿ. ಹಾಗಾಗಿ ವಾಗಾಬಾಂಡ್.

ಸಾಮುರಾಯ್ ಅಥವಾ ಪ್ರಿಸನರ್ ತೆಗೆದುಕೊಂಡು ಆಮೇಲೆ ಬದಲಾಯಿಸಿಕೊಳ್ಳೋಣ ಎಂದುಕೊಳ್ಳಬೇಡಿ. ರೆನ್ನಾಲಾ ಎಂಬ ಬಾಸ್ (ದೊಡ್ಡ ಶತ್ರು) ಸೋತ ಮೇಲೆ ಲಾರ್ವಲ್ ಟಿಯರ್ ಎಂಬ ವಸ್ತು ಕೊಟ್ಟು ಪಾಯಿಂಟ್‌ಗಳನ್ನು ಮತ್ತೆ ಹಂಚಬಹುದು, ನಿಜ. ಆದರೆ ಕ್ಲಾಸ್‌ನ ಆರಂಭದ ಸ್ಟ್ಯಾಟ್‌ಗಿಂತ ಕೆಳಗೆ ಇಳಿಯಲು ಆಗುವುದಿಲ್ಲ. ತಪ್ಪು ಕ್ಲಾಸ್‌ನಲ್ಲಿ ವ್ಯರ್ಥವಾದ ಪಾಯಿಂಟ್ ಕೊನೆಯವರೆಗೂ ವ್ಯರ್ಥವೇ.

ವಾಗಾಬಾಂಡ್‌ನಲ್ಲಿ ಉಳಿದ ಐದು ಸ್ಟ್ಯಾಟ್ ಮುಟ್ಟದೆ ಬಿಟ್ಟರೆ ಲೆಕ್ಕ ಬಹಳ ಸುಲಭ: ವಿಗರ್, ಎಂಡ್ಯೂರೆನ್ಸ್, ಸ್ಟ್ರೆಂತ್ ಮೂರನ್ನೂ ಕೂಡಿಸಿ 31 ಕಳೆಯಿರಿ, ಬಂದದ್ದೇ ನಿಮ್ಮ ಲೆವೆಲ್. ಆರಂಭದಲ್ಲಿ 15, 11, 14 ಕೂಡಿದರೆ 40, ಅದರಲ್ಲಿ 31 ಹೋದರೆ 9. ಮುಂದಿನ ಎಲ್ಲ ಹಂತಗಳನ್ನೂ ಹೀಗೇ ತಾಳೆ ನೋಡಿಕೊಳ್ಳಬಹುದು. ಲೆಕ್ಕ ತಪ್ಪಿದರೆ ಎಲ್ಲೋ ಪಾಯಿಂಟ್ ಸೋರಿದೆ ಎಂದರ್ಥ.

ಲೆವೆಲ್ 9ರಿಂದ 21: ಮೊದಲು ಜೀವ, ಆಮೇಲೆ ಕತ್ತಿ

ಆಟ ಶುರುವಾದ ಕೂಡಲೇ ವಾಗಾಬಾಂಡ್ ಜೊತೆಗೆ ಬರುವ ಹಾಲ್ಬರ್ಡ್ ಆಯುಧ ತೆಗೆದಿಡಿ. ಕೈಯಲ್ಲಿ ಹಿಡಿಯದಿದ್ದರೂ ಸ್ಲಾಟ್‌ನಲ್ಲಿರುವ ಆಯುಧದ ತೂಕ ಪೂರ್ತಿ ಲೆಕ್ಕಕ್ಕೆ ಬರುತ್ತದೆ, ಹಾಲ್ಬರ್ಡ್ ಒಂದೇ 8. ಹೊತ್ತ ತೂಕ ನಿಮ್ಮ ಮಿತಿಯ ಶೇ. 70 ಮುಟ್ಟಿದರೆ ಹೆವಿ ಲೋಡ್, ರೋಲ್ (ಏಟು ತಪ್ಪಿಸಲು ಉರುಳುವುದು) ನಿಧಾನ. ಎಂಡ್ಯೂರೆನ್ಸ್ 11ಕ್ಕೆ ಮಿತಿ 49.8, ಅಂದರೆ ಮೀಡಿಯಂ ರೋಲ್ ಉಳಿಯಬೇಕಾದರೆ 34.8ರ ಒಳಗೆ ಇರಬೇಕು. ಬಹಳ ಜನ ಆರಂಭದ ಬಾಸ್ ಮಾರ್ಗಿಟ್‌ನ ಕೈಲಿ ಸಾಯುವುದು ಡ್ಯಾಮೇಜ್ ಕಡಿಮೆ ಎಂದಲ್ಲ, ಈ ಒಂದು ಸಂಖ್ಯೆ ನೋಡದೆ ಹೆವಿ ರೋಲ್‌ನಲ್ಲೇ ಆಡುತ್ತಿರುತ್ತಾರೆ ಎಂದು.

ಮೊದಲ ಎರಡು ಪಾಯಿಂಟ್ ಸ್ಟ್ರೆಂತ್‌ಗೆ, 16 ಆಗುವಂತೆ. ವೀಪಿಂಗ್ ಪೆನಿನ್ಸುಲಾದ ಕ್ಯಾಸಲ್ ಮೋರ್ನ್‌ನಲ್ಲಿರುವ ಕ್ಲೇಮೋರ್‌ಗೆ ಅಷ್ಟು ಸಾಕು. ಅಲ್ಲಿಂದ ಲೆವೆಲ್ 21ರವರೆಗೆ ಬಂದ ಪ್ರತಿ ಪಾಯಿಂಟ್ ವಿಗರ್‌ಗೆ. ವಿಗರ್ 25, ಎಚ್‌ಪಿ 800.

ಸ್ಟ್ರೆಂತ್ ಏರಿಸಲು ಕೈ ತುರಿಸುತ್ತದೆ. ತಡೆದುಕೊಳ್ಳಿ. ಆಯುಧದ ಸ್ಕೇಲಿಂಗ್ (ಸ್ಟ್ಯಾಟ್‌ನಿಂದ ಸೇರುವ ಡ್ಯಾಮೇಜ್) ಬೆಳೆಯುವುದು ಅಪ್‌ಗ್ರೇಡ್ ಜೊತೆಗೆ. +0 ಅಥವಾ +3 ಇರುವ ಕತ್ತಿಗೆ ಹತ್ತು ಪಾಯಿಂಟ್ ಸ್ಟ್ರೆಂತ್ ಸುರಿದರೂ ಸ್ಕ್ರೀನ್‌ನಲ್ಲಿ ಸಂಖ್ಯೆ ಅಲುಗಾಡುವುದು ಸ್ವಲ್ಪವೇ. ಅದೇ ಸಮಯದಲ್ಲಿ ಆಯುಧ ಅಪ್‌ಗ್ರೇಡ್ ಮಾಡುವ ಸ್ಮಿತಿಂಗ್ ಸ್ಟೋನ್ ಹಾಕಿದರೆ ಏಟು ಕಣ್ಣಿಗೆ ಕಾಣುವಂತೆ ಏರುತ್ತದೆ. ಗ್ರೇಟ್‌ಸ್ವರ್ಡ್‌ನ ಮೂಲ ಡ್ಯಾಮೇಜ್ +0ದಲ್ಲಿ 164, +25ರಲ್ಲಿ 401. ಸ್ಕೇಲಿಂಗ್ ಸೇರಿಸುವ ಮೊದಲೇ ಇದು ಸುಮಾರು ಎರಡೂವರೆ ಪಟ್ಟು. ಯಾವ ಸ್ಟ್ಯಾಟ್ ಕೂಡ ಇಷ್ಟು ಕೊಡುವುದಿಲ್ಲ.

ಕಲ್ಲಿನ ಲೆಕ್ಕ ಹೀಗಿದೆ: ಪ್ರತಿ ದರ್ಜೆಯ ಕಲ್ಲು ಮೂರು ಹಂತ ಏರಿಸುತ್ತದೆ, 2, 4, 6ರಂತೆ ಒಟ್ಟು 12. ಒಂದನೇ ದರ್ಜೆ +3ರವರೆಗೆ, ಎರಡನೇ ದರ್ಜೆ +6ರವರೆಗೆ, ಹೀಗೆ ಎಂಟನೇ ದರ್ಜೆ +24ರವರೆಗೆ. ಒಟ್ಟು 96 ಕಲ್ಲು, ಕೊನೆಯ +25ಕ್ಕೆ ಒಂದು ಏನ್ಷಂಟ್ ಡ್ರಾಗನ್ ಸ್ಮಿತಿಂಗ್ ಸ್ಟೋನ್. ಇದರಿಂದಲೇ ತಿಳಿಯುತ್ತದೆ, ಮೂರು ಆಯುಧಗಳನ್ನು ಒಟ್ಟಿಗೆ ಬೆಳೆಸಲು ಹೊರಟವರಿಗೆ ಕಲ್ಲು ಯಾವತ್ತೂ ಸಾಲದು. ಮೊದಲ 12 ಕಲ್ಲು ಲಿಮ್‌ಗ್ರೇವ್ ಟನಲ್ಸ್ ಗಣಿಯ ಗೋಡೆಗಳಲ್ಲಿ ಸಿಗುತ್ತವೆ. +3ರವರೆಗೆ ಚರ್ಚ್ ಆಫ್ ಎಲ್ಲೆಯ ಮೇಜಿನಲ್ಲೇ ಮಾಡಬಹುದು, ಅದರಾಚೆಗೆ ರೌಂಡ್‌ಟೇಬಲ್ ಹೋಲ್ಡ್‌ನ ಕಮ್ಮಾರ ಹ್ಯೂಗ್ ಬೇಕು.

ಪೆನಿನ್ಸುಲಾದಲ್ಲಿರುವಾಗಲೇ ಜೀವ ತುಂಬುವ ಫ್ಲಾಸ್ಕ್‌ನ ಬಲ ಹೆಚ್ಚಿಸುವ ಮೂರು ಸೇಕ್ರೆಡ್ ಟಿಯರ್ ಎತ್ತಿಕೊಳ್ಳಿ: ಕ್ಯಾಲು ಬ್ಯಾಪ್ಟಿಸ್ಮಲ್ ಚರ್ಚ್, ಫೋರ್ತ್ ಚರ್ಚ್ ಆಫ್ ಮಾರಿಕಾ, ಚರ್ಚ್ ಆಫ್ ಪಿಲ್ಗ್ರಿಮೇಜ್. ಲಿಮ್‌ಗ್ರೇವ್‌ನ ಥರ್ಡ್ ಚರ್ಚ್ ಆಫ್ ಮಾರಿಕಾದಲ್ಲಿ ನಾಲ್ಕನೆಯದು, ಜೊತೆಗೆ ಫಿಸಿಕ್ ಫ್ಲಾಸ್ಕ್. ಫ್ಲಾಸ್ಕ್ +4 ಆಗಿದ್ದರೆ ಪ್ರತಿ ಗುಟುಕಿಗೂ ಹೆಚ್ಚು ಎಚ್‌ಪಿ ತುಂಬುತ್ತದೆ. ಇದಕ್ಕೆ ಒಂದು ರೂನ್ ಕೂಡ ಖರ್ಚಿಲ್ಲ, ಆದರೂ ಹೆಚ್ಚಿನವರು ಇದನ್ನೇ ಮುಂದೂಡುತ್ತಾರೆ.

ಕೇಲಿಡ್ ಸವಾರಿ

ಥರ್ಡ್ ಚರ್ಚ್‌ನ ಹಿಂದಿರುವ ಪೋರ್ಟಲ್ ನೇರವಾಗಿ ಡ್ರಾಗನ್‌ಬ್ಯಾರೋದ ಬೆಸ್ಟಿಯಲ್ ಸ್ಯಾಂಕ್ಟಮ್ ಎದುರು ಬಿಡುತ್ತದೆ. ಅಲ್ಲಿನ ಯಾವುದನ್ನೂ ಈ ಲೆವೆಲ್‌ನಲ್ಲಿ ಎದುರಿಸಲಾಗದು, ಒಂದೇ ಏಟು. ನಿಮ್ಮ ಕುದುರೆ ಟೊರೆಂಟ್ ಹತ್ತಿ ದಕ್ಷಿಣಕ್ಕೆ ಓಡಿ ಫೋರ್ಟ್ ಫಾರೋತ್ ಸೇರಿ. ಒಳಗೆ ಬಾವಲಿಗಳಿವೆ, ನಿಲ್ಲಬೇಡಿ. ಇಲ್ಲಿ ಎರಡು ವಸ್ತು: ಏಣಿ ಹತ್ತಿದರೆ ಡೆಕ್ಟಸ್ ಮೆಡಾಲಿಯನ್‌ನ ಬಲಭಾಗ, ಇನ್ನೊಂದು ರಾಡಗನ್ಸ್ ಸೋರ್‌ಸೀಲ್ ಎಂಬ ತಾಲಿಸ್ಮನ್ (ಧರಿಸುವ ತಾಯಿತ). ಹಿಂದಿರುಗುವಾಗ ಸಾಯುವ ಭಯ ಬೇಡ, ಎತ್ತಿಕೊಂಡ ವಸ್ತು ಉಳಿಯುತ್ತದೆ. ಹೊರಡುವ ಮೊದಲು ಕೈಯಲ್ಲಿರುವ ರೂನ್ ಖರ್ಚು ಮಾಡಿಬಿಡಿ, ಅಷ್ಟೇ.

ಸೋರ್‌ಸೀಲ್ ವಿಗರ್, ಎಂಡ್ಯೂರೆನ್ಸ್, ಸ್ಟ್ರೆಂತ್, ಡೆಕ್ಸ್ಟೆರಿಟಿ ನಾಲ್ಕಕ್ಕೂ 5 ಕೊಡುತ್ತದೆ, ಬದಲಿಗೆ ನೀವು ತಿನ್ನುವ ಡ್ಯಾಮೇಜ್ ಶೇ. 15 ಹೆಚ್ಚು. ಇದು ಒಳ್ಳೆಯದೋ ಕೆಟ್ಟದ್ದೋ ಎಂಬ ವಾದಕ್ಕೆ ಉತ್ತರ ವಿಗರ್‌ನ ಸಂಖ್ಯೆಯಲ್ಲೇ ಇದೆ. ವಿಗರ್ 25ಕ್ಕೆ 800 ಎಚ್‌ಪಿ; ಸೀಲ್ ಹಾಕಿದರೆ 30, ಎಚ್‌ಪಿ 994. ಶೇ. 24 ಹೆಚ್ಚಳ, ಶೇ. 15 ದಂಡ ಕಟ್ಟಿದರೂ ನೀವೇ ಮುಂದೆ. ವಿಗರ್ 35ರಲ್ಲಿ 1216 ಇದ್ದದ್ದು 1450 ಆಗುತ್ತದೆ, ಶೇ. 19. ಇನ್ನೂ ಲಾಭವೇ. ವಿಗರ್ 37ರಲ್ಲಿ ಲಾಭ, ದಂಡ ಸರಿಸಮ. 40ರಲ್ಲಿ 1450 ಇದ್ದದ್ದು 1581ಕ್ಕೆ ಏರುತ್ತದೆ, ಬರೀ ಶೇ. 9. ಅಲ್ಲಿಗೆ ಈ ಸೀಲ್ ನಿಮ್ಮನ್ನು ಕೊಲ್ಲಲು ಶುರು ಮಾಡುತ್ತದೆ. ಹಾಗಾಗಿ ನಿಯಮ ಸ್ಪಷ್ಟ: ನಿಮ್ಮ ಸ್ವಂತ ವಿಗರ್ 37 ದಾಟುವವರೆಗೆ ಹಾಕಿ, ಆಮೇಲೆ ಬಿಚ್ಚಿ. ಲೆವೆಲ್ 100 ದಾಟಿದ ಮೇಲೂ ಅಭ್ಯಾಸಬಲದಿಂದ ಹಾಕಿಕೊಂಡೇ ಇರುವುದು ಸ್ಟ್ರೆಂತ್ ಬಿಲ್ಡ್‌ಗಳಲ್ಲಿ ಕಾಣುವ ಅತಿ ಸಾಮಾನ್ಯ ದೋಷ.

ಲೆವೆಲ್ 21ರಲ್ಲಿ ಈ ಸೀಲ್ ಮಾಡುವ ಇನ್ನೊಂದು ಕೆಲಸ ನೋಡಿ. ಸ್ಟ್ರೆಂತ್ 16 ಇದ್ದದ್ದು 21 ಆಯಿತು, ಎರಡು ಕೈಗೆ 31. ಅಂದರೆ ಗ್ರೇಟ್‌ಸ್ವರ್ಡ್ ಈಗಲೇ ಎತ್ತಬಹುದು! ಕತ್ತಿ ಇರುವುದು ಕೇಲಿಡ್‌ನಲ್ಲೇ, ಕೇಲೆಮ್ ರೂಯಿನ್ಸ್‌ನ ವಾಯವ್ಯಕ್ಕೆ ನಿಂತ ಗಾಡಿಯ ಹಿಂಬದಿಯ ಪೆಟ್ಟಿಗೆಯಲ್ಲಿ. ಎಂಡ್ಯೂರೆನ್ಸ್ 16 ಆಗುವುದರಿಂದ ತೂಕದ ಮಿತಿ 57.7, ಅದರ ಶೇ. 70 ಎಂದರೆ 40.4. ಕತ್ತಿಗೆ 23 ಹೋದರೆ ಕವಚಕ್ಕೆ 17 ಉಳಿಯಿತು. ಗುರಾಣಿ ಬಿಚ್ಚಿಡಿ, ಎರಡು ಕೈ ಕತ್ತಿಯ ಮೇಲಿರುವಾಗ ಅದು ಬರೀ ಭಾರ. ಎದೆಕವಚ ಇಟ್ಟುಕೊಂಡು ಶಿರಸ್ತ್ರಾಣ ಬಿಟ್ಟರೆ ಹೆಚ್ಚು ನಷ್ಟವಿಲ್ಲ, ರಕ್ಷಣೆಯ ದೊಡ್ಡ ಪಾಲು ಎದೆಕವಚದ್ದೇ.

ಒಂದು ಎಚ್ಚರಿಕೆ: ಇನ್ವೆಂಟರಿಯಲ್ಲಿ ಕತ್ತಿಯ ಮೇಲೆ ಕೆಂಪು ಗುರುತು ಕಾಣುತ್ತಲೇ ಇರುತ್ತದೆ, ಏಕೆಂದರೆ ಒಂದು ಕೈಗೆ 31 ಬೇಕು. ಪ್ಲೇಸ್ಟೇಷನ್‌ನಲ್ಲಿ ತ್ರಿಕೋನ ಮತ್ತು ಆರ್1, ಎಕ್ಸ್‌ಬಾಕ್ಸ್‌ನಲ್ಲಿ ವೈ ಮತ್ತು ಆರ್‌ಬಿ ಒತ್ತಿ ಎರಡು ಕೈಯಲ್ಲಿ ಹಿಡಿದ ಮೇಲೆಯೇ ಹೊಡೆಯಿರಿ. ಒಂದು ಕೈಯಲ್ಲಿ ಬೀಸಿದರೆ ಏಟು ಮೆತ್ತಗೆ. ಈ ಹಂತದಲ್ಲಿ ಸೀಲ್ ಬಿಚ್ಚಿದರೂ ಅದೇ ಗತಿ.

ಹೊಸ ಕತ್ತಿ +0 ಇರುತ್ತದೆ ಎಂಬುದನ್ನು ಮರೆಯಬೇಡಿ. +3 ಕ್ಲೇಮೋರ್ ಇಟ್ಟುಕೊಂಡೇ ಆಡಿ, ಮುಂದಿನ ಕಲ್ಲುಗಳನ್ನೆಲ್ಲ ಗ್ರೇಟ್‌ಸ್ವರ್ಡ್‌ಗೆ ಹಾಕಿ, ಅದು ಕ್ಲೇಮೋರ್ ಸಮಕ್ಕೆ ಬಂದಾಗ ಬದಲಾಯಿಸಿ.

ಲೆವೆಲ್ 40: ವಿಗರ್ 35, ಎಂಡ್ಯೂರೆನ್ಸ್ 15, ಸ್ಟ್ರೆಂತ್ 21

25ರಿಂದ 40ರವರೆಗಿನ ವಿಗರ್ ಇಡೀ ಆಟದಲ್ಲೇ ಅತಿ ಲಾಭದ ಖರೀದಿ. 15 ಪಾಯಿಂಟ್‌ಗೆ 650 ಎಚ್‌ಪಿ, ಅಂದರೆ ಪಾಯಿಂಟ್‌ಗೆ ಸುಮಾರು 43. 15ರಿಂದ 25ರ ನಡುವೆ ಅದು 28ರಷ್ಟಿತ್ತು, 40 ದಾಟಿದ ಮೇಲೆ 22ಕ್ಕೆ ಬೀಳುತ್ತದೆ, 60 ದಾಟಿದರೆ 5. ಲೆವೆಲ್ 40ರ ಹೊತ್ತಿಗೆ ಸೀಲ್ ಸೇರಿ ವಿಗರ್ 40, ಎಚ್‌ಪಿ 1450. ಸ್ಟಾರ್ಮ್‌ವೇಲ್ ಕೋಟೆಯನ್ನು ಇಷ್ಟು ಎಚ್‌ಪಿ ಇಟ್ಟುಕೊಂಡು ಆಡುವುದಕ್ಕೂ 600 ಇಟ್ಟುಕೊಂಡು ಆಡುವುದಕ್ಕೂ ಅಜಗಜಾಂತರ. ಅಲ್ಲಿನ ಬಾಸ್ ಗಾಡ್ರಿಕ್‌ನ ಒಂದು ಕಾಂಬೋ ಪೂರ್ತಿ ತಿಂದರೂ ಫ್ಲಾಸ್ಕ್ ಕುಡಿಯಲು ಜೀವ ಇರುತ್ತದೆ, ಅವನ ಮುಂದಿನ ಚಲನೆ ನೋಡಿ ಕಲಿಯಲೂ ಸಮಯ ಸಿಗುತ್ತದೆ.

ಸ್ಟ್ರೆಂತ್ 21 ನಿಮ್ಮದೇ ಆಗಿರುವುದರಿಂದ ಈಗ ಸೀಲ್ ಬಿಚ್ಚಿದರೂ ಕತ್ತಿ ಕೈಬಿಡುವುದಿಲ್ಲ.

ಸ್ಟಾರ್ಮ್‌ವೇಲ್ ಒಳಗೆ ಎರಡು ವಸ್ತು ಬಿಡಬೇಡಿ. ಜಿಗಿದು ಹೊಡೆಯುವ ಏಟಿಗೆ ಶೇ. 15 ಸೇರಿಸುವ ಕ್ಲಾ ತಾಲಿಸ್ಮನ್ ಒಂದು. ಕತ್ತಿಯನ್ನು ಹೆವಿ ಅಫಿನಿಟಿಗೆ (ಸ್ಕೇಲಿಂಗ್ ಬದಲಿಸುವ ಆಯುಧದ ಗುಣ) ಬದಲಾಯಿಸಲು ಬೇಕಾದ ಐರನ್ ವೆಟ್‌ಬ್ಲೇಡ್ ಇನ್ನೊಂದು. ಇದಕ್ಕೆ ಒಂದು ಸ್ಟೋನ್‌ಸ್ವರ್ಡ್ ಕೀ ಉಳಿಸಿಕೊಂಡಿರಿ. ಹೆವಿ ಮಾಡಿದರೆ ಡೆಕ್ಸ್ಟೆರಿಟಿ ಸ್ಕೇಲಿಂಗ್ ಹೋಗಿ ಸ್ಟ್ರೆಂತ್ ಸ್ಕೇಲಿಂಗ್ ಏರುತ್ತದೆ. ಸ್ಟ್ರೆಂತ್ ಕಡಿಮೆ ಇರುವಾಗ ಹೆವಿ ಮತ್ತು ಸ್ಟ್ಯಾಂಡರ್ಡ್ ನಡುವೆ ವ್ಯತ್ಯಾಸ ತೀರಾ ಕಡಿಮೆ. ವಿಶ್ರಾಂತಿ ತಾಣವಾದ ಗ್ರೇಸ್‌ನಲ್ಲಿ ಆಶ್ ಆಫ್ ವಾರ್ (ಆಯುಧದ ಸ್ಕಿಲ್) ಮೆನು ತೆರೆದರೆ ಬದಲಾವಣೆಯ ಮುನ್ನವೇ ಸಂಖ್ಯೆ ತೋರಿಸುತ್ತದೆ, ನೀಲಿಯಾದರೆ ಒಪ್ಪಿ, ಕೆಂಪಾದರೆ ಬಿಡಿ. ದುಡ್ಡು ಖರ್ಚಿಲ್ಲ, ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ವೆಟ್‌ಬ್ಲೇಡ್ ಸಿಗಲಿಲ್ಲವೆಂದರೆ ಫೋರ್ಟ್ ಗೇಲ್‌ನ ಸಿಂಹ ಕಾವಲುಗಾರನನ್ನು ಕೊಂದು ಲಯನ್ಸ್ ಕ್ಲಾ ತೆಗೆದುಕೊಳ್ಳಿ, ಅದರ ಜೊತೆಗೇ ಹೆವಿ ಬರುತ್ತದೆ. ಈ ಬಿಲ್ಡ್‌ಗೆ ಅದಕ್ಕಿಂತ ಒಳ್ಳೆಯ ಸ್ಕಿಲ್ ಹುಡುಕುವುದು ಕಷ್ಟ: ಎಫ್‌ಪಿ (ಸ್ಕಿಲ್, ಮಂತ್ರಕ್ಕೆ ಖರ್ಚಾಗುವ ಶಕ್ತಿ) 20, ಮೈಂಡ್ 10ರ 78 ಎಫ್‌ಪಿಯಲ್ಲಿ ಮೂರು ಸಲ.

ಬೆಂಕಿ, ಮಿಂಚಿನ ಅಫಿನಿಟಿ ಆಕರ್ಷಕವಾಗಿ ಕಾಣುತ್ತವೆ, ಸ್ಕ್ರೀನ್‌ನಲ್ಲಿ ಒಟ್ಟು ಸಂಖ್ಯೆ ದೊಡ್ಡದು. ಆದರೆ ಡ್ಯಾಮೇಜ್ ಎರಡು ಭಾಗವಾದಾಗ ಶತ್ರುವಿನ ಎರಡು ರಕ್ಷಣೆಗಳೂ ಪ್ರತ್ಯೇಕವಾಗಿ ಕಳೆಯುತ್ತವೆ. ಆರಂಭದಲ್ಲಿ ಪರವಾಗಿಲ್ಲ, ಸ್ಟ್ರೆಂತ್ 40 ದಾಟಿದ ಮೇಲೆ ಹೆವಿಯೇ ಸರಿ.

ಕಲ್ಲಿನ ದಾರಿ

ಫೋರ್ಟ್ ಫಾರೋತ್‌ನಲ್ಲಿ ತಂದ ಅರ್ಧ ಮೆಡಾಲಿಯನ್ ಈಗ ಕೆಲಸಕ್ಕೆ ಬರುತ್ತದೆ. ಇನ್ನರ್ಧ ಲಿಮ್‌ಗ್ರೇವ್‌ನ ಫೋರ್ಟ್ ಹೈಟ್‌ನಲ್ಲಿದೆ. ಎರಡೂ ಇದ್ದರೆ ಗ್ರಾಂಡ್ ಲಿಫ್ಟ್ ಆಫ್ ಡೆಕ್ಟಸ್ ಹತ್ತಿ ಆಲ್ಟಸ್ ತಲುಪಬಹುದು. ಅಲ್ಲಿಗೆ ಬೇಗ ಹೋಗುವುದು ಬಾಸ್‌ಗಳಿಗಾಗಿ ಅಲ್ಲ, ಅಂಗಡಿಯಲ್ಲಿ ಕಲ್ಲು ಸಿಗುವಂತೆ ಮಾಡುವ ಬೆಲ್ ಬೇರಿಂಗ್‌ಗಾಗಿ. ಲಿಯುರ್ನಿಯಾದ ರಾಯಾ ಲುಕಾರಿಯಾ ಕ್ರಿಸ್ಟಲ್ ಟನಲ್‌ನಲ್ಲಿ ಮೊದಲನೆಯದು: ಒಂದು, ಎರಡನೇ ದರ್ಜೆಯ ಕಲ್ಲುಗಳು ಅಂಗಡಿಯಲ್ಲಿ ಸಿಗತೊಡಗುತ್ತವೆ, ಅಂದರೆ +6. ಅಲ್ಲಿನ ಕ್ರಿಸ್ಟಲಿಯನ್‌ಗೆ ಮೊದಮೊದಲು ಏಟೇ ತಾಗದಂತೆ ಕಾಣುತ್ತದೆ. ಜಿಗಿದು ಹೊಡೆಯುತ್ತಾ ಸ್ಟಾನ್ಸ್ (ನಿಲುವಿನ ಸಮತೋಲನ) ಮುರಿಯಿರಿ, ಆಮೇಲೆ ಎಚ್‌ಪಿ ದಡದಡನೆ ಇಳಿಯುತ್ತದೆ. ಎರಡನೆಯದು ಲೇಂಡೆಲ್ ಕಂದಕದ ಸೀಲ್ಡ್ ಟನಲ್‌ನಲ್ಲಿ, ಮೂರು ನಾಲ್ಕನೇ ದರ್ಜೆ, +12ರವರೆಗೆ. ಸುರಂಗದ ಆರಂಭದಲ್ಲೇ ಗೋಡೆ ಅಡ್ಡ ಬಂದರೆ ಹಿಂದಿರುಗಬೇಡಿ, ಅದು ಮಾಯೆಯ ಗೋಡೆ, ಒಂದೇಟು ಹಾಕಿ. ಮೂರನೆಯದು ಪರ್ವತದ ಜಾಮೋರ್ ರೂಯಿನ್ಸ್‌ನಲ್ಲಿ, ನಾಲ್ಕನೆಯದು ಫಾರುಮ್ ಅಜೂಲಾದಲ್ಲಿ. ಎಲ್ಲವನ್ನೂ ರೌಂಡ್‌ಟೇಬಲ್‌ನ ಅಂಗಡಿಯವರಾದ ಟ್ವಿನ್ ಮೇಡನ್ ಹಸ್ಕ್ಸ್‌ಗೆ ಕೊಡಬೇಕು.

ಲೆವೆಲ್ 75: ವಿಗರ್ 40, ಎಂಡ್ಯೂರೆನ್ಸ್ 20, ಸ್ಟ್ರೆಂತ್ 46

ಕ್ರಮ ಮುಖ್ಯ. ಮೊದಲು ವಿಗರ್ 40, ಅದು ಲೆವೆಲ್ 45ಕ್ಕೆ ಆಗಿಬಿಡುತ್ತದೆ, ಸೋರ್‌ಸೀಲ್ ಅಲ್ಲಿಗೆ ಬಿಚ್ಚಿ. ಸೀಲ್ ಹೋದ ಕೂಡಲೇ ಎಂಡ್ಯೂರೆನ್ಸ್ 15ಕ್ಕೆ ಇಳಿಯುತ್ತದೆ, ತೂಕ ಮತ್ತೊಮ್ಮೆ ನೋಡಿಕೊಳ್ಳಿ. ಆಮೇಲೆ ಕತ್ತಿ +9, +10 ಆದಂತೆಲ್ಲ ಸ್ಟ್ರೆಂತ್. ಈಗ ಪ್ರತಿ ಪಾಯಿಂಟ್ ಒಂದೂವರೆ ಆಗಿ ಸೇರುತ್ತದೆ, ಸ್ಕೇಲಿಂಗ್ ಕೂಡ ಬೆಳೆದಿದೆ. 46 ಎಂದರೆ ಎರಡು ಕೈಗೆ 69.

ಸೀಲ್ ಬಿಟ್ಟ ಜಾಗಕ್ಕೆ ಕೇಲಿಡ್‌ನ ಗ್ರೇಟ್ ಜಾರ್ ಕೊಡುವ ಆರ್ಸನಲ್ ತಾಲಿಸ್ಮನ್ ಬರಬೇಕು. ಮೂವರು ಹೋರಾಟಗಾರರನ್ನು ಸೋಲಿಸಿದರೆ ಸಿಗುತ್ತದೆ, ತೂಕದ ಮಿತಿಗೆ ಶೇ. 19. ಎಂಡ್ಯೂರೆನ್ಸ್ 20ರ 64.1 ಇದರಿಂದ 76.2 ಆಗುತ್ತದೆ, ಶೇ. 70ರಲ್ಲಿ ಕತ್ತಿ ಕಳೆದರೆ ಕವಚಕ್ಕೆ 30. ಅದಿಲ್ಲದೆ 21 ಮಾತ್ರ. ಇಷ್ಟನ್ನು ಪಾಯಿಂಟ್ ಹಾಕಿ ಪಡೆಯಲು ಎಂಡ್ಯೂರೆನ್ಸ್ 28, 29ರವರೆಗೆ ಹೋಗಬೇಕಿತ್ತು. ಸ್ಟ್ಯಾಮಿನಾ ಬೇಗ ಮುಗಿಯುತ್ತದೆ ಎಂದು ಎಂಡ್ಯೂರೆನ್ಸ್ ಸುರಿಯುವವರೂ ಇದ್ದಾರೆ. ಅದಕ್ಕೆ ಮದ್ದು ಸಮನ್‌ವಾಟರ್ ವಿಲೇಜ್‌ನ ಗ್ರೀನ್ ಟರ್ಟಲ್ ತಾಲಿಸ್ಮನ್, ಒಂದು ಸ್ಟೋನ್‌ಸ್ವರ್ಡ್ ಕೀ ಖರ್ಚು.

98, ಆಮೇಲೆ 125

ವಿಗರ್ 50, ಎಂಡ್ಯೂರೆನ್ಸ್ 25, ಸ್ಟ್ರೆಂತ್ 54 ಎಂದರೆ ಲೆವೆಲ್ 98. ಎಚ್‌ಪಿ 1704. 54ರ ಒಂದೂವರೆ ಪಟ್ಟು 81. ಸ್ಟ್ರೆಂತ್‌ನ ಲಾಭ ಗಟ್ಟಿಯಾಗಿ ಇಳಿಯುವುದು 80ರಲ್ಲಿ, ಹಾಗಾಗಿ ಎರಡು ಕೈ ಆಟಗಾರನಿಗೆ 54 ನಿಲ್ಲಲು ಸರಿಯಾದ ಜಾಗ. ಇಲ್ಲಿಂದ ಮುಂದೆ ಮೊದಲು ವಿಗರ್ 60, ಎಚ್‌ಪಿ 1900. ಮಲೇನಿಯಾ, ಫೈರ್ ಜೈಂಟ್ ಎದುರು ಈ ಇನ್ನೂರು ಎಚ್‌ಪಿ ಸ್ಟ್ರೆಂತ್‌ನ ಹತ್ತು ಪಾಯಿಂಟ್‌ಗಿಂತ ಬೆಲೆಬಾಳುತ್ತದೆ. ಉಳಿದದ್ದು ಎಂಡ್ಯೂರೆನ್ಸ್ 30, ಸ್ಟ್ರೆಂತ್ 66. 66ರ ಒಂದೂವರೆ ಪಟ್ಟು 99.

ಈ ಕೊನೆಯ ಹಂತದಲ್ಲಿ ಒಂದು ಬದಲಾವಣೆ ಮಾಡುವುದು ಒಳ್ಳೆಯದು ಎನ್ನುವುದು ನಮ್ಮ ಗಟ್ಟಿ ಅಭಿಪ್ರಾಯ: ಸ್ಟ್ರೆಂತ್ 60ಕ್ಕೆ ನಿಲ್ಲಿಸಿ, ಆರು ಪಾಯಿಂಟ್ ಫೇಯ್ತ್‌ಗೆ ಹಾಕಿ 15 ಮಾಡಿ. ಫೋರ್ಟ್ ಗೇಲ್ ಹಿಂದೆ ಸಿಗುವ ಫ್ಲೇಮ್ ಗ್ರಾಂಟ್ ಮಿ ಸ್ಟ್ರೆಂತ್ ಮಂತ್ರ ಅರ್ಧ ನಿಮಿಷ ದೈಹಿಕ ಏಟಿಗೆ ಶೇ. 20 ಸೇರಿಸುತ್ತದೆ. 60ರಿಂದ 66ರವರೆಗಿನ ಆರು ಪಾಯಿಂಟ್ ಅದರ ಹತ್ತಿರಕ್ಕೂ ಬರುವುದಿಲ್ಲ. ಬಾಸ್‌ನ ಮಂಜಿನ ಬಾಗಿಲು ದಾಟಿದ ಮೇಲೆ ಹೇಳಿ, ಹೊರಗೆ ಹೇಳಿದರೆ ಅರ್ಧ ಸಮಯ ನಡೆಯುವುದರಲ್ಲೇ ಹೋಗುತ್ತದೆ. ಎಫ್‌ಪಿ 28 ಬೇಕು, ಆದ್ದರಿಂದ ಒಂದು ನೀಲಿ ಫ್ಲಾಸ್ಕ್ ಇಟ್ಟುಕೊಳ್ಳಿ.

125ರಿಂದ 126ಕ್ಕೆ ಹೋಗಲು ಸುಮಾರು 1,01,000 ರೂನ್. 40ರಿಂದ 41ಕ್ಕೆ ಹತ್ತು ಸಾವಿರ ಸಾಕಿತ್ತು. ಇಷ್ಟು ಕೊಟ್ಟು ಸಿಗುವುದು ಐದು ಎಚ್‌ಪಿ ಅಥವಾ ಒಂದೆರಡು ಅಂಕೆಯ ಡ್ಯಾಮೇಜ್, ಅದಕ್ಕಾಗಿ ರೂನ್ ಕೂಡಿಡುತ್ತಾ ಕೂರಬೇಡಿ. ಶ್ಯಾಡೋ ಆಫ್ ದಿ ಎರ್ಡ್‌ಟ್ರೀ ಎಂಬ ಆಟದ ಹೆಚ್ಚುವರಿ ಭಾಗ ಹಾಕಿಕೊಂಡಿದ್ದರೆ, ರಾಡಾನ್ ಮತ್ತು ಮೋಗ್ ಇಬ್ಬರನ್ನೂ ಮುಗಿಸಿ ಆ ಕಡೆ ಹೋಗಿ. ಅಲ್ಲಿ ಏಟಿನ ಬಲವನ್ನೂ ತಡೆದುಕೊಳ್ಳುವ ಶಕ್ತಿಯನ್ನೂ ಹೆಚ್ಚಾಗಿ ನಿರ್ಧರಿಸುವುದು ಸ್ಕಾಡುಟ್ರೀ ಬ್ಲೆಸಿಂಗ್: 20 ಹಂತ, ಒಟ್ಟು 50 ಫ್ರಾಗ್‌ಮೆಂಟ್. ಬಾಸ್ ಒಬ್ಬ ಒಂದೆರಡು ಏಟಿಗೇ ಕೊಲ್ಲುತ್ತಿದ್ದರೆ ಲೆವೆಲ್ ಏರಿಸಬೇಡಿ, ನಕ್ಷೆ ತೆರೆದು ಇನ್ನೂ ಮುಟ್ಟದ ಚರ್ಚ್‌ಗಳು, ಮಿಕೆಲ್ಲಾ ಶಿಲುಬೆಗಳು ಎಲ್ಲಿವೆ ನೋಡಿ, ಅಲ್ಲಿಗೆ ಹೋಗಿ ಫ್ರಾಗ್‌ಮೆಂಟ್ ಎತ್ತಿಕೊಂಡು ಬನ್ನಿ.